ಮೂರು ಬಿಳಿಚಿದ ಮೊಟ್ಟೆಗಳು

"ಇದನ್ನ ನೋಡಿ ಅಮ್ಮಾವ್ರೇ," ಎಂದು ಯೂಕ್ ಅಕ್ಕ ಬೆಂದ ಮೊಟ್ಟೆಯೊಂದನ್ನು ನನ್ನ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. "ಇದಕ್ಕೆ ಸಬ್ಬತ್ ಮೊಟ್ಟೆ ಅಂತಾರಾ? ಮೂರು ದಿನ ಭೇದಿ ಆದವರ ಮುಖ ಇದ್ದ ಹಾಗಿದೆ."

ಬಟ್ಟಲಿನಲ್ಲಿ ಅಂಥವು ಮೂರಿದ್ದವು. ನಮ್ಮ ಯೆಹೂದಿಗಳ ವಿಶ್ರಾಂತಿಯ ದಿನ ಸಬ್ಬತ್, ಅಂದರೆ ಶನಿವಾರ ಮಧ್ಯಾಹ್ನದಿಂದ ಈ ಸೋಮವಾರ ಬೆಳಿಗ್ಗೆಯವರೆಗೆ ಮುರಾದ್ ಮನೆತನದ ಐಸ್ ಪೆಟ್ಟಿಗೆಯಲ್ಲಿ ಯಾರಿಗೂ ಬೇಡದವರ ಹಾಗೆ ಕೂತಿದ್ದವು.

"ಒಟ್ಟು ಎಷ್ಟಿಟ್ಟಿದ್ದೆ?"

"ಹನ್ನೆರಡು. ಯಾವಾಗಲೂ ಹನ್ನೆರಡೇ. ನಿಮ್ಮ ಹನ್ನೆರಡು ಕುಲಕ್ಕೆ ಹನ್ನೆರಡು ಅಂತ ದೊಡ್ಡ ಯಜಮಾನಿ ಹೇಳಿಕೊಟ್ಟಿದ್ರು. ಉಳಿದ ಒಂಬತ್ತರ ಸಿಪ್ಪೆ ಕಸದ ಬುಟ್ಟೀಲಿ ನೋಡಿದೆ. ಇಟ್ಟಿಗೆ ಬಣ್ಣ ಬರಬೇಕಿತ್ತು, ಚಹಾ ಬಣ್ಣ ಬಂದಿದೆ. ಈ ಮೂರಂತೂ ಬಣ್ಣಾನೇ ಕಂಡಿಲ್ಲ."

ತೀರಿಕೊಂಡ ದೊಡ್ಡ ಯಜಮಾನಿ ಖಾತೂನಮ್ಮನ ಅಡುಗೆ ಪುಸ್ತಕ ಕಾಣೆಯಾಗಿದೆ ಎಂದು ಮನೆಯವರಿಗೆ ಗೊತ್ತಾದದ್ದು ನಿನ್ನೆ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ಕದ್ದವಳು ಯೂಕ್ ಅಕ್ಕ ಎಂದು ಗೊತ್ತಾದದ್ದು ಹತ್ತು ಗಂಟೆ ಐದು ನಿಮಿಷಕ್ಕೆ. ಇಷ್ಟು ಚುರುಕಾದ ಬುದ್ಧಿ ಈ ಮನೆತನದಲ್ಲಿ ಮೂರು ತಲೆಮಾರಿನಿಂದ ಕಂಡದ್ದಿಲ್ಲ.

ಪುಸ್ತಕ ನೆನಪಾದದ್ದೂ ಯಾಕೆಂದರೆ ಇಂಗ್ಲಿಷ್ ವಾರಪತ್ರಿಕೆಯೊಂದರ ಫೋಟೋಗ್ರಾಫರ್ ಬಂದಿದ್ದ. ಹಾಂಗ್‌ಕಾಂಗಿನ ಹಳೆಯ ಯೆಹೂದಿ ಮನೆಗಳ ಕೈರುಚಿ ಎಂದು ಎರಡು ಪುಟದ ಲೇಖನವಂತೆ. ಮನೆಯ ಸೊಸೆ ಫ್ಲೋರಿ, ನೀರು ಕುದಿಸಿದರೂ ತಳ ಹಿಡಿಸುವವಳು, ಗಂಜಿ ಹಾಕಿದ ಏಪ್ರನ್ ಕಟ್ಟಿಕೊಂಡು ತಯಾರಾಗಿದ್ದಳು. ಪುಸ್ತಕ ಸಿಗಲಿಲ್ಲ ಎಂದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಹಾಗಾದ್ರೆ ನಾನು ಕೈಯಲ್ಲಿ ಏನು ಹಿಡ್ಕೊಂಡು ನಿಲ್ಲಲಿ?"

ನನ್ನನ್ನು ಕರೆಸಿದ್ದು ಫ್ಲೋರಿಯ ಗಂಡ ಸೆಲ್ಮಾನ್. ಖಾತೂನಮ್ಮನ ಒಬ್ಬನೇ ಮಗ, ನಮ್ಮ ಪ್ರಾರ್ಥನಾಮಂದಿರ ಸಿನಗಾಗಿನ ಹಿರಿಯ, ಮೊದಲ ಸಾಲಿನ ಕುರ್ಚಿ. ಶಾಂಘಾಯಿಯ ಕೋರ್ಟುಗಳಲ್ಲಿ ಇಪ್ಪತ್ತು ವರ್ಷ ದುಭಾಷಿಯಾಗಿದ್ದು, ನಾಲ್ಕು ಭಾಷೆಯ ಸುಳ್ಳುಗಳನ್ನು ಕೇಳಿ ಕಿವಿ ಪಳಗಿಸಿಕೊಂಡು ಬಂದವಳು ನಾನು. ಈ ಊರಿಗೆ ಬಂದ ಮೇಲೆ ನಮ್ಮ ಜನ ಪೊಲೀಸರಿಗೆ ಹೇಳಲಾಗದ್ದನ್ನೆಲ್ಲ ನನಗೆ ಹೇಳುತ್ತಾರೆ. ಆದರೆ ಸೆಲ್ಮಾನನಿಗೆ ಬೇಕಾದದ್ದು ಪತ್ತೆ ಅಲ್ಲ, ತನ್ನ ತೀರ್ಮಾನಕ್ಕೆ ಒಂದು ರುಜು. "ಮಸೂದಾ, ನೀವು ಒಂದು ಮಾತು ಹೇಳಿಬಿಟ್ರೆ ಸಮಾಜದಲ್ಲಿ ಯಾರೂ ತುಟಿ ಬಿಚ್ಚಲ್ಲ," ಎಂದಿದ್ದ. ಮೂವತ್ತೊಂದು ವರ್ಷ ಅವನಿಗೆ ಅನ್ನ ಬೇಯಿಸಿದವಳನ್ನು ಹೊರಗೆ ಹಾಕಲು ನನ್ನ ಒಂದು ಮಾತು.

"ನಿನಗೆ ಆ ಪುಸ್ತಕ ಓದೋಕೆ ಬರತ್ತಾ ಯೂಕ್ ಅಕ್ಕ?"

ಅವಳು ಮೊಟ್ಟೆಯನ್ನು ಬಟ್ಟಲಿಗೆ ಹಾಕಿದಳು. "ಅದ್ಯಾಕೆ ಓದಲಿ? ಅದರಲ್ಲಿರೋದೆಲ್ಲ ಮಾಡಿ ಮಾಡಿ ನನ್ನ ಮೊಣಕೈ ಸವೆದಿದೆ."

ಹದಿನೆಂಟನೆಯ ವಯಸ್ಸಿನಲ್ಲಿ ತಲೆಗೂದಲು ಎತ್ತಿ ಕಟ್ಟಿ, ಮದುವೆಯಾಗುವುದಿಲ್ಲ ಎಂದು ಆಣೆ ಮಾಡಿದ ಹೆಂಗಸು ಅವಳು. ಅಂಥ ಮೂವತ್ತು ಜನ ಅಕ್ಕತಂಗಿಯರೆಂದುಕೊಂಡು ಸೇರಿ ಸಾಯಿ ಯಿಂಗ್ ಪುನ್ ಬಡಾವಣೆಯಲ್ಲಿ ಒಂದು ಮನೆ ಮಾಡಿಕೊಂಡಿದ್ದಾರೆ. ವಾರದ ರಜೆಗೆ ಹೋಗಲು, ಮುಪ್ಪಿನಲ್ಲಿ ಮಲಗಲು ತಲಾ ಒಂದು ಮಂಚ. ಸತ್ತ ಮೇಲೆ ಗೋಡೆಯ ಮೇಲೆ ತಲಾ ಒಂದು ಹೆಸರಿನ ಹಲಗೆ. ಕಳ್ಳಿ ಎಂದು ಕೆಲಸ ಹೋದವಳಿಗೆ ಎರಡೂ ಇಲ್ಲ.

"ಮಂಚ ಹೋದರೆ ಹೋಗಲಿ ಅಮ್ಮಾವ್ರೇ," ಎಂದಳು, ನಾನು ಕೇಳದೆಯೇ. "ನೆಲದ ಮೇಲೆ ಮಲಗಿ ಅಭ್ಯಾಸ ಇದೆ. ಹಲಗೆ ಇಲ್ಲ ಅಂದ್ರೆ ನನಗೆ ಊದುಬತ್ತಿ ಹಚ್ಚೋರು ಯಾರು? ಮಕ್ಕಳಾ? ಮರಿಯಾ?"

ಹೇಳಿ, ಸಿಂಕಿನ ಕಡೆ ತಿರುಗಿ, ತೊಳೆದಿದ್ದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು.

"ಶುಕ್ರವಾರ ಏನೇನಾಯ್ತು, ಮೊದಲಿಂದ ಹೇಳು."

"ಏನಾಗತ್ತೆ? ಕೋಳಿ ಹೊಟ್ಟೆಗೆ ಅಕ್ಕಿ, ಟೊಮ್ಯಾಟೊ, ಮಸಾಲೆ ತುಂಬಿ ಹೊಲಿದೆ. ಸುತ್ತ ಅಕ್ಕಿ ಹಾಕಿದೆ. ಇದ್ದಿಲು ಹೊತ್ತಿಸಿ ಮೇಲೆ ಬೂದಿ ಮುಚ್ಚಿದೆ. ಆಮೇಲೆ ಮೊಜೆಲಮ್ಮನ್ನ ಕರೆದೆ, ಬೆರಳು ತಾಗಿಸೋಕೆ."

ಈ ಬೆರಳಿನ ವಿಷಯ ಹೇಳಬೇಕು. ನಮ್ಮವರ ಅಡುಗೆ ನಮ್ಮದು ಎನಿಸಿಕೊಳ್ಳಬೇಕಾದರೆ ಪಾತ್ರೆಯನ್ನು ಒಲೆಯ ಮೇಲೆ ನಮ್ಮವರೇ ಇಡಬೇಕು. ಹಾಗಾಗಿ ಪ್ರತಿ ಶುಕ್ರವಾರ, ಹೊತ್ತು ಮುಳುಗಿ ಸಬ್ಬತ್ ಶುರುವಾಗುವ ಮೊದಲು, ಸೆಲ್ಮಾನನ ಅಕ್ಕ, ವಿಧವೆ ಮೊಜೆಲ್, ಕೈಗೆ ಉಂಗುರ ಹಾಕಿಕೊಂಡೇ ಅಡುಗೆಮನೆಗೆ ಬರುತ್ತಾಳೆ. ಹತ್ತು ಸೇರು ತೂಗುವ ಪಾತ್ರೆಯನ್ನು ಯೂಕ್ ಅಕ್ಕ ಎತ್ತುತ್ತಾಳೆ. ಮೊಜೆಲ್ ಅದರ ಹಿಡಿಗೆ ಎರಡು ಬೆರಳು ತಾಗಿಸುತ್ತಾಳೆ. ಮರುದಿನ ಮೇಜಿನ ಮೇಲೆ ಅದು ಬಾಗ್ದಾದಿನಿಂದ ತಾಯಿಯಿಂದ ಮಗಳಿಗೆ ಇಳಿದು ಬಂದ ಸಬ್ಬತ್ತಿನ ಕೋಳಿ ಅನ್ನ, ತಬೀತ್ ಆಗಿರುತ್ತದೆ. ಎರಡು ಬೆರಳಿಗೆ ಇಷ್ಟು ಕೀರ್ತಿ ಕೊಡುವ ಜನ ಬೇರೆಲ್ಲೂ ಇಲ್ಲ.

"ಮೊಟ್ಟೆ ಇಟ್ಟದ್ದು?"

"ಆಮೇಲೆ. ಮುಚ್ಚಳದ ಮೇಲೆ ಹನ್ನೆರಡು, ಅದರ ಮೇಲೆ ಗೋಣಿತಾಟು, ಅದರ ಮೇಲೆ ಎರಡು ಹಳೇ ರಜಾಯಿ. ಮೊಜೆಲಮ್ಮ ಎಣಿಸ್ತಾರೆ, ಎಣಿಸಿ ಹೋಗ್ತಾರೆ. ಹೊತ್ತು ಮುಳುಗೋ ಮೊದಲೇ ನಾನು ಟ್ರಾಮ್ ಹತ್ತಿದೆ. ಶನಿವಾರ ಕತ್ತಲಾದ ಮೇಲೇ ವಾಪಸು ಬಂದದ್ದು. ಬಂದ್ರೆ ಫ್ಲೋರಿ ಅಮ್ಮಾವ್ರು ರೇಗಾಡ್ತಿದ್ರು, ಅನ್ನ ತಳ ಹಿಡಿದು ಗರಿಗರಿ ಆಗಿರಲಿಲ್ಲವಂತೆ, ನೆಂಟರ ಮುಂದೆ ಮಾನ ಹೋಯ್ತಂತೆ."

"ತಳ ಯಾಕೆ ಹಿಡಿಯಲಿಲ್ಲ?"

"ಬೂದಿ ಕೆದಕಿದ್ದಾರೆ!" ಎಂದು ಅವಳು ಪಾತ್ರೆಯನ್ನು ಕುಕ್ಕಿದಳು. "ಮುಚ್ಚಿದ ಇದ್ದಿಲು ಮುದುಕಿ ಉಸಿರಾಡಿದ ಹಾಗೆ, ಮೆಲ್ಲಗೆ ಮರುದಿನದವರೆಗೂ ಇರತ್ತೆ. ಕೆದಕಿದ್ರೆ ಭಗ್ ಅಂತ ಉರಿದು ಬೆಳಗಾಗೋದ್ರೊಳಗೆ ಸಾಯತ್ತೆ. ಶನಿವಾರ ನಾನು ಬಂದಾಗ ಒಲೇಲಿ ಬಿಳೀ ಬೂದಿ ಬಿಟ್ಟು ಏನೂ ಇರಲಿಲ್ಲ. ಅಲ್ಲ, ಇತ್ತು."

ಹಿಂಬಾಗಿಲಿಂದ ಹೋಗಿ, ಒಲೆಯ ಪಕ್ಕದ ಹಲಗೆಯ ಮೇಲಿದ್ದ ಬೆಂಕಿಪೊಟ್ಟಣ ತಂದು ನನ್ನ ಕೈಗಿತ್ತಳು. ಕಡ್ಡಿಗಳು ತುಂಬಿದ್ದವು. ಅವುಗಳ ಮೇಲೆ ಉಗುರಿನಷ್ಟು ದೊಡ್ಡದಾದ ಕಂದು ಕಾಗದದ ಚೂರು, ಮೂರು ಬದಿ ಸುಟ್ಟದ್ದು. ಪಾತ್ರೆ ಉಜ್ಜಲು ಬೂದಿ ಜರಡಿ ಹಿಡಿದಾಗ ಸಿಕ್ಕಿತಂತೆ. ದಪ್ಪ ಕಾಗದ, ಹಳೆಯದು, ಎಣ್ಣೆ ಕುಡಿದದ್ದು. ಅಂಥ ಕಾಗದ ಈ ಮನೆಯಲ್ಲಿ ಒಂದೇ ಕಡೆ ಇತ್ತು.

"ಇದನ್ನ ಯಜಮಾನರಿಗೆ ತೋರಿಸಲಿಲ್ವಾ?"

"ತೋರಿಸೋಕೆ ಹೋದೆ. 'ಕಸ ತಂದು ಮೇಜಿನ ಮೇಲೆ ಇಡಬೇಡ' ಅಂದ್ರು."

ಕಡ್ಡಿ ತುಂಬಿದ ಆ ಪೊಟ್ಟಣವನ್ನು ನಾನು ಎರಡು ಸಲ ತಿರುಗಿಸಿ ನೋಡಿದೆ. ಒಲೆಯಿಂದ ಒಂದು ಮೊಳ ದೂರದಲ್ಲಿ ಇರುತ್ತದೆ, ಕಣ್ಣಿಗೆ ರಾಚುವ ಹಾಗೆ. ಇದನ್ನು ಬಿಟ್ಟು, ರಜಾಯಿ ತೆಗೆದು, ಮೊಟ್ಟೆ ಇಳಿಸಿ, ಕುದಿಯುವ ಪಾತ್ರೆಯನ್ನು ಪಕ್ಕಕ್ಕೆ ಎತ್ತಿಟ್ಟು, ಬೂದಿ ಕೆದಕಿ, ಒಂದು ಹಾಳೆ ಸುಡುವ ಮಹಾನುಭಾವರು ಯಾರಿರಬಹುದು?

ನಗು ಬಂತು. ಸಂತೋಷದ ನಗುವಲ್ಲ.

"ಮನೆಯವರು ಮೂವರನ್ನೂ ಇಲ್ಲಿಗೆ ಕರಿ," ಎಂದೆ.

ಸೆಲ್ಮಾನ್ ಬಾಗಿಲಲ್ಲೇ ನಿಂತ. ತನ್ನದೇ ಅಡುಗೆಮನೆಗೆ ಅವನು ಬರುತ್ತಿದ್ದದ್ದು ಇದೇ ಮೊದಲ ಸಲ ಇರಬೇಕು. ಯಾವುದನ್ನು ಮುಟ್ಟಿದರೆ ಏನು ಅಂಟುತ್ತದೋ ಎಂದು ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡಿದ್ದ.

"ಪೊಲೀಸ್ ಸಾರ್ಜೆಂಟ್ ಲಾವ್ ಅವಳ ಅಕ್ಕತಂಗಿಯರ ಮನೆ ಜಾಲಾಡೋಕೆ ಹೋಗಿದ್ದಾನೆ," ಎಂದ. "ನೀವಿಲ್ಲಿ ಮೊಟ್ಟೆ ಸುಲೀತಾ ಕೂತಿದ್ದೀರಿ."

"ಒಲೆ ಎಲ್ಲಿದೆ ತೋರಿಸಿ ನೋಡೋಣ ಸೆಲ್ಮಾನ್."

"ಏನು?"

"ನಿಮ್ಮ ಮನೆಯ ಇದ್ದಿಲ ಒಲೆ. ನಿಮ್ಮ ವಂಶದ ತಬೀತ್ ಬೇಯುವ ಒಲೆ. ಎಲ್ಲಿದೆ?"

ಅವನು ಸುತ್ತ ನೋಡಿ, ಧೈರ್ಯ ಮಾಡಿ ಉಗ್ರಾಣದ ಬಾಗಿಲು ತೆರೆದ. ಒಳಗಿಂದ ಈರುಳ್ಳಿಯೊಂದು ಉರುಳಿ ಅವನ ಶೂ ಹತ್ತಿರ ಬಂದು ನಿಂತಿತು. ಒಲೆ ಹಿಂಬದಿಯ ಅಂಗಳದ ಚಪ್ಪರದ ಕೆಳಗಿದೆ ಎಂದು ಯೂಕ್ ಅಕ್ಕ ಹೇಳಬೇಕಾಯಿತು.

"ನೀವು ಪಾರಾದಿರಿ," ಎಂದೆ. "ಫ್ಲೋರಿ, ನಿನಗೆ ಒಂದು ಕಾಗದ ಸುಡಬೇಕು ಅಂತಿಟ್ಕೋ. ಏನು ಮಾಡ್ತೀಯಾ?"

"ಲೈಟರ್ ತೆಗೀತೀನಿ," ಎಂದಳು ಫ್ಲೋರಿ.

"ಶುಕ್ರವಾರ. ಸಬ್ಬತ್ ದೀಪ ಹಚ್ಚಿದ ಮೇಲೆ."

"ಆಗಲೂ ಲೈಟರೇ, ಡಾರ್ಲಿಂಗ್. ಬಚ್ಚಲುಮನೆ ಕಿಟಕಿ ಹತ್ರ ನಾನು ಯಾವಾಗಲೂ..." ಎಂದವಳು ಗಂಡನ ಮುಖ ನೋಡಿ ನಿಲ್ಲಿಸಿದಳು.

"ಸಬ್ಬತ್ ದಿನ ನೀನು ಸಿಗರೇಟು ಸೇದ್ತೀಯಾ?" ಸೆಲ್ಮಾನನ ಕಿವಿ ಕೆಂಪಾಯಿತು.

"ಸೇದ್ತೀನಪ್ಪ. ನೀವು ಕುದುರೆ ರೇಸಿನ ಸುದ್ದಿ ಕೇಳೋಕೆ ಪಕ್ಕದ ಮನೆ ರೇಡಿಯೋ ಕಿಟಕಿ ಕೆಳಗೆ ಗುಲಾಬಿ ಗಿಡ ನೋಡ್ತಾ ನಿಲ್ಲಲ್ವಾ?"

"ನಾನು ರೇಡಿಯೋ ಮುಟ್ಟಲ್ಲ!"

"ಕಿವಿ ಮಾತ್ರ ಮುಟ್ಟಿಸ್ತೀರಿ."

ಇವರ ಸಂಸಾರವನ್ನು ಹೀಗೇ ಬಿಟ್ಟರೆ ಸಂಜೆಯವರೆಗೆ ನಡೆಯುತ್ತಿತ್ತು. ನಾನು ಬೆಂಕಿಪೊಟ್ಟಣವನ್ನು ಮೇಜಿನ ಮೇಲಿಟ್ಟೆ. ಪಕ್ಕದಲ್ಲಿ ಬಟ್ಟಲು.

"ಶುಕ್ರವಾರ ಊಟ ಆದ ಮೇಲೆ ಒಬ್ಬರು ಆ ಪುಸ್ತಕದ ಹಾಳೆಯೊಂದನ್ನ ಸುಟ್ಟಿದ್ದಾರೆ. ಚೂರು ಇಲ್ಲಿದೆ. ಕಡ್ಡಿಪೊಟ್ಟಣ ಕೈಗೆ ಸಿಗುವ ಹಾಗಿದ್ದರೂ ಕಡ್ಡಿ ಗೀರಲಿಲ್ಲ. ಯಾಕಂದ್ರೆ ಸಬ್ಬತ್ ದಿನ ಬೆಂಕಿ ಹೊತ್ತಿಸಬಾರದು. ಹಾಗಾಗಿ ಮೊದಲೇ ಹೊತ್ತಿಕೊಂಡಿದ್ದ ಬೆಂಕಿ ಹುಡುಕಿದ್ರು. ಯೂಕ್ ಅಕ್ಕನಿಗೆ ಬೇಕಾಗಿದ್ರೆ ಕಡ್ಡಿ ಗೀರಿ ಕೆಲಸ ಮುಗಿಸ್ತಿದ್ಲು, ಅವಳಿಗೆ ನಮ್ಮ ಸಬ್ಬತ್ತಿನ ಹಂಗೇನು? ಇಷ್ಟು ಮಡಿಯಿಂದ ಕಳ್ಳತನ ಮಾಡೋದು ನಮ್ಮವರಿಗೆ ಮಾತ್ರ ಸಾಧ್ಯ."

ನಾನು ಮೊಜೆಲ್ ಕಡೆ ನೋಡಿದೆ. ಕಪ್ಪು ಉಡುಪು, ತಾಯಿ ಸತ್ತು ನಾಲ್ಕು ತಿಂಗಳು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು, ಸಿನಗಾಗಿನ ಹೆಂಗಸರ ಅಟ್ಟದಲ್ಲಿ ಕೂರುವ ಹಾಗೆ.

"ಪಾತ್ರೆ ಎತ್ತಿಡುವಾಗ ಮೂರು ಮೊಟ್ಟೆ ಬಿದ್ದು ಒಡೆದವು," ಎಂದೆ. "ಅವರು ಬುಟ್ಟಿಯಿಂದ ಮೂರು ಹಸಿ ಮೊಟ್ಟೆ ತಂದು ಇಟ್ಟರು, ತಡವಾಗಿ ಇಟ್ಟದ್ದಕ್ಕೇ ಇವಕ್ಕೆ ಬಣ್ಣ ಬರಲಿಲ್ಲ. ಬೇರೆ ಯಾರೇ ಆಗಿದ್ರೂ ಒಂಬತ್ತೇ ಇರಲಿ ಅಂತ ಬಿಡ್ತಿದ್ರು. ಈ ಮನೆಯಲ್ಲಿ ಹನ್ನೆರಡು ಅಂತ ಗೊತ್ತಿರೋದು ಇಬ್ಬರಿಗೆ. ಒಬ್ಬಳು ಆಗ ಸಾಯಿ ಯಿಂಗ್ ಪುನ್ನಿನಲ್ಲಿದ್ದಳು. ಇನ್ನೊಬ್ಬಳು ಪ್ರತಿ ಶುಕ್ರವಾರ ಎಣಿಸ್ತಾಳೆ."

ಎಲ್ಲರೂ ಅವಳ ಕಡೆ ತಿರುಗಿದರು. ಮೊಜೆಲ್ ನನ್ನನ್ನೇ ನೋಡಿದಳು.

"ಕಡ್ಡಿ ಗೀರಲಿಲ್ಲ," ಎಂದಳು. "ಅದನ್ನಾದರೂ ಒಪ್ಪಿಕೋ."

"ಒಪ್ಪಿಕೊಂಡೆ. ಆದರೆ ನೀನು ಬೆಂಕಿ ಕೆದಕಿದೆ. ಕಾಗದ ಸುಟ್ಟೆ. ಹಸಿ ಮೊಟ್ಟೆ ಬೇಯೋಕಿಟ್ಟೆ. ಶಾಸ್ತ್ರದ ಪ್ರಕಾರ ಒಂದೊಂದೂ ಕಡ್ಡಿ ಗೀರಿದಷ್ಟೇ ತಪ್ಪು ಮೊಜೆಲ್."

ಸೆಲ್ಮಾನ್ ಬಟ್ಟಲಿನ ಕಡೆ ಕಣ್ಣು ಬಿಟ್ಟ. ಅವನ ಮುಖದಲ್ಲಿ ಅಂದು ಬೆಳಿಗ್ಗೆಯಿಂದ ಮೊದಲ ಸಲ ನಿಜವಾದ ಗಾಬರಿ ಕಂಡಿತು. "ಸಬ್ಬತ್ ದಿನ ಬೆಂದ ಮೊಟ್ಟೆ! ನಾನು ಎರಡು ತಿಂದೆನಲ್ಲೇ! ಅದರಲ್ಲಿ ಇದೇನಾದ್ರೂ..."

"ನೀವು ತಿಂದದ್ದು ಬಣ್ಣ ಬಂದದ್ದು. ಸುಮ್ಮನಿರಿ," ಎಂದೆ. ಮೂವತ್ತೊಂದು ವರ್ಷ ದುಡಿದವಳ ಬದುಕು ಬೀದಿಗೆ ಬಿದ್ದಾಗ ಈ ಮನುಷ್ಯನಲ್ಲಿ ಈ ಗಾಬರಿ ಇರಲಿಲ್ಲ.

"ಯಾವ ಹಾಳೆ ಮೊಜೆಲ್?"

"ಮೊದಲನೇದು. ಹೆಸರುಗಳದ್ದು."

ಖಾತೂನಮ್ಮ ಅದನ್ನು ನನಗೆ ಒಮ್ಮೆ ತೋರಿಸಿದ್ದಳು. ಬಾಗ್ದಾದಿನ ಮುತ್ತಜ್ಜಿಯಿಂದ ಹಿಡಿದು, ಪುಸ್ತಕ ಯಾರ ಕೈಗೆ ಹೋಗಬೇಕೋ ಅವರ ಹೆಸರನ್ನು ಕೊಡುವವಳು ತನ್ನ ಕೈಯಾರೆ ಮೊದಲ ಪುಟದಲ್ಲಿ ಬರೆಯಬೇಕು. ರಹ್ಮಾ, ತುಫಾಹಾ, ಸಬ್ಹಾ, ಖಾತೂನ್. ಆಗ ಐದನೆಯ ಸಾಲು ಖಾಲಿ ಇತ್ತು.

"ಅಮ್ಮ ಸಾಯೋ ಮೊದಲು ಐದನೇ ಹೆಸರು ಬರೆದಳು," ಎಂದಳು ಮೊಜೆಲ್. "ಹತ್ತೊಂಬತ್ತು ವರ್ಷ ಅವಳ ಕಾಲು ಒತ್ತಿದೆ. ಗಂಡ ಸತ್ತ ಮೇಲೆ ಇನ್ನೊಂದು ಮದುವೆಗೆ ಕೇಳಿ ಬಂದವರನ್ನ ವಾಪಸು ಕಳಿಸಿದೆ, ಅಮ್ಮನ್ನ ಯಾರು ನೋಡ್ಕೋತಾರೆ ಅಂತ. ಅವಳು ಯಾರ ಹೆಸರು ಬರೆದಳು ಗೊತ್ತಾ? ಇವಳದ್ದು." ಉಂಗುರದ ಬೆರಳು ಯೂಕ್ ಅಕ್ಕನ ಕಡೆ ಚಾಚಿತು. "ಕೆಲಸದವಳದ್ದು!"

ಯೂಕ್ ಅಕ್ಕನ ಕೈಯಲ್ಲಿದ್ದ ಪಾತ್ರೆ ಅಲ್ಲಿಯೇ ನಿಂತಿತು. ನನ್ನ ಜೊತೆ ಅವಳು ಆಡುವುದು ತನ್ನ ಕ್ಯಾಂಟನೀಸ್; ನಮ್ಮ ಮನೆಮಾತು ಅವಳಿಗೆ ಅರ್ಧ ಅರ್ಥವಾಗುತ್ತದೆ. ಈ ಅರ್ಧ ಅರ್ಥವಾಗಿತ್ತು.

"ಹಾಳೆ ಹರಿದು ಸುಟ್ಟೆ. ಪುಸ್ತಕ ಮತ್ತೆ ಅದರ ಡಬ್ಬಿಯಲ್ಲೇ ಇಟ್ಟೆ. ಆಮೇಲೆ ಅದು ಎಲ್ಲಿಗೆ ಹೋಯ್ತು ಅಂತ ನನಗೆ ಗೊತ್ತಿಲ್ಲ. ಅಮ್ಮನ ಆತ್ಮದ ಆಣೆ."

"ಐದನೇ ಹೆಸರು ಇವಳದ್ದು ಅಂತ ನಿನಗೆ ಹೇಗೆ ಗೊತ್ತು?"

ಅವಳು ಚಾಚಿದ ಬೆರಳನ್ನು ಹಿಂತೆಗೆದುಕೊಂಡಳು.

ಅದು ಸುಮ್ಮನೆ ಕೇಳಿದ ಪ್ರಶ್ನೆಯಲ್ಲ. ಪ್ರಾರ್ಥನಾ ಪುಸ್ತಕದ ಅಚ್ಚಿನ ಹೀಬ್ರೂ ಅಕ್ಷರ ಬೇರೆ, ನಮ್ಮ ಹಳೆಯ ಹೆಂಗಸರು ಗೀಚುತ್ತಿದ್ದ ಮೋಡಿ ಬೇರೆ. ಇಂಗ್ಲಿಷ್ ಕಾನ್ವೆಂಟಿನಲ್ಲಿ ಓದಿದ ಈ ಪೀಳಿಗೆಗೆ ಆ ಮೋಡಿ ಇರುವೆಯ ಸಾಲು. ಖಾತೂನಮ್ಮ ಹೋದ ಮೇಲೆ ಈ ಊರಿನಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ ಎಂದು ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ.

"ಯಾರು ಓದಿ ಹೇಳಿದ್ರು ಮೊಜೆಲ್?"

"ಕೇಳಬೇಡ."

"ಅಕ್ಕನಿಗೆ ಮನಸ್ಸು ಸರಿ ಇಲ್ಲ," ಎಂದ ಸೆಲ್ಮಾನ್ ಅವಸರದಿಂದ. "ದುಃಖದಲ್ಲಿದ್ದಾಳೆ. ಹಾಳೆ ಸುಟ್ಟದ್ದು ಮನೆಯೊಳಗಿನ ವಿಷಯ. ಪುಸ್ತಕ ಕದ್ದದ್ದು ಬೇರೆ. ಅದು ಯಾರು ಅಂತ..."

ಹಿಂದಿನ ಬಾಗಿಲು ತಟ್ಟಿದ ಸದ್ದಾಯಿತು.

ಸಾರ್ಜೆಂಟ್ ಲಾವ್ ಒಳಗೆ ಬಂದ. ದಪ್ಪ ಮನುಷ್ಯ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಕಂಕುಳಲ್ಲಿ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಗಂಟು. ಮೇಜಿನ ಮೇಲಿಟ್ಟು ಬಿಚ್ಚಿದ. ಎಣ್ಣೆ ಜಿಡ್ಡಿನ ಪುಸ್ತಕ, ಬೊಂಬಾಯಿಯಲ್ಲಿ ಕಟ್ಟಿಸಿದ್ದು, ರಟ್ಟಿನ ಮೇಲೆ ಮಾಸಿದ ವಿಕ್ಟೋರಿಯಾ ರಾಣಿಯ ಚಿತ್ರ.

"ಸಾಯಿ ಯಿಂಗ್ ಪುನ್. ಇವಳ ಮಂಚದ ಹಲಗೆ ಕೆಳಗೆ," ಎಂದ.

"ನೋಡಿದ್ರಾ!" ಎಂದ ಸೆಲ್ಮಾನ್. ಆ ಒಂದು ಪದದಲ್ಲಿ ಇದ್ದ ಸಂತೋಷವನ್ನು ಅವನು ತನ್ನ ಮಗನ ಮದುವೆಯಲ್ಲೂ ತೋರಿಸಿರಲಿಲ್ಲ.

"ನಾನಿಟ್ಟಿಲ್ಲ," ಎಂದಳು ಯೂಕ್ ಅಕ್ಕ. ಮೊದಲು ನಮ್ಮ ಮಾತಿನಲ್ಲಿ, ಆಮೇಲೆ ಸಾರ್ಜೆಂಟನಿಗೆ ಕ್ಯಾಂಟನೀಸ್‌ನಲ್ಲಿ. "ನಾನಿಟ್ಟಿಲ್ಲ. ಅಕ್ಕಂದಿರು ನೋಡಿದ್ರಾ? ಮನೆ ನಡೆಸೋ ದೊಡ್ಡಕ್ಕ ನೋಡಿದ್ರಾ?"

"ದೊಡ್ಡಕ್ಕ ಅಲ್ಲೇ ನಿಂತಿದ್ರು," ಎಂದ ಲಾವ್, ಅವಳ ಮುಖ ನೋಡದೆ. "ಅವರು ಒಂದು ಮಾತು ಹೇಳಿ ಕಳಿಸಿದ್ದಾರೆ. ಪುಸ್ತಕದ ಒಡೆಯರು ಯಾರೋ ಅವರು ಕದ್ದದ್ದು ಅಂದ್ರೆ, ಇವತ್ತು ಸಂಜೆಗೆ ಮಂಚ ಹೊರಗೆ, ಹಲಗೆಗೆ ಹೆಸರು ಇಲ್ಲ. ಒಡೆಯರು ಕದ್ದದ್ದಲ್ಲ ಅಂದ್ರೆ ಅವರು ಯಾರನ್ನೂ ಏನೂ ಕೇಳಲ್ಲ." ನಮ್ಮೆಲ್ಲರನ್ನೂ ಒಮ್ಮೆ ನೋಡಿದ. "ಒಡೆಯರು ಯಾರು?"

"ನಾನು," ಎಂದ ಸೆಲ್ಮಾನ್.

"ಅಲ್ಲ," ಎಂದೆ. "ಇದು ಹೆಂಗಸರ ಕೈಯಿಂದ ಹೆಂಗಸರ ಕೈಗೆ ಹೋಗೋ ಪುಸ್ತಕ. ಮೊದಲ ಪುಟದಲ್ಲಿ ಕೊನೆಯ ಹೆಸರು ಯಾರದ್ದೋ ಅವರದ್ದು. ಕಳೆದ ಹಬ್ಬದಲ್ಲಿ ನೀವೇ ಇದರ ಬಗ್ಗೆ ಮುಕ್ಕಾಲು ಗಂಟೆ ಭಾಷಣ ಮಾಡಿದ್ರಿ, ನಾನು ನಿದ್ದೆ ಮಾಡಲಿಲ್ಲ."

"ಆ ಪುಟ ಸುಟ್ಟುಹೋಯ್ತಲ್ಲ," ಎಂದಳು ಫ್ಲೋರಿ.

ನಾನು ಪುಸ್ತಕ ಕೈಗೆತ್ತಿಕೊಂಡೆ. ರಾಣಿಯ ಚಿತ್ರದ ರಟ್ಟು ಎತ್ತಿದೆ. ಹೌದು, ಅದರ ಹಿಂದಿನ ಹಾಳೆ ಬುಡಸಮೇತ ಹರಿದಿತ್ತು. ಆಮೇಲೆ ಪುಸ್ತಕವನ್ನು ಮಗುಚಿ, ಇನ್ನೊಂದು ಬದಿಯಿಂದ ತೆರೆದೆ. ಬಲದಿಂದ ಎಡಕ್ಕೆ ಓಡುವ ನಮ್ಮ ಬರವಣಿಗೆ ಶುರುವಾಗುವ ಬದಿಯಿಂದ.

ಮೊದಲ ಪುಟ ಇದ್ದ ಹಾಗೇ ಇತ್ತು.

"ಮೊಜೆಲ್," ಎಂದೆ, "ಸಬ್ಬತ್ ಅಂತ ಕರೆಂಟ್ ದೀಪಾನೂ ಹಾಕಿರಲಿಲ್ಲ ಅಲ್ವಾ?"

ಅವಳು ತಲೆಯಾಡಿಸಿದಳು. ಇಲ್ಲ.

ಕತ್ತಲೆಯಲ್ಲಿ ರಾಣಿಯ ಚಿತ್ರ ಹುಡುಕಿ, ಅದೇ ಮುಂಭಾಗ ಎಂದು ಹಾಳೆ ಕಿತ್ತಿದ್ದಳು. ಪ್ರಾರ್ಥನಾ ಪುಸ್ತಕವನ್ನು ವಾರವಾರವೂ ಬಲಗಡೆಯಿಂದ ತೆರೆಯುವ ಕೈ, ಹೆದರಿದಾಗ ಕಾನ್ವೆಂಟಿನ ಕೈಯಾಗಿತ್ತು. ಅವಳು ಸುಟ್ಟದ್ದು ಪುಸ್ತಕದ ಕೊನೆಯ ಹಾಳೆ. ನನಗೆ ನೆನಪಿದ್ದ ಮಟ್ಟಿಗೆ ಅದರಲ್ಲಿ ಇದ್ದದ್ದು ಹೇನಿಗೆ ಮದ್ದು.

"ಹಾಗಾದ್ರೆ ಒಳ್ಳೇದೇ ಆಯ್ತು," ಎಂದ ಸೆಲ್ಮಾನ್. ಜೇಬಿನಿಂದ ಕೈಗಳು ಹೊರಗೆ ಬಂದವು. ಏನೋ ಭಾರ ಇಳಿದವನ ಹಾಗೆ ಕಂಡ. "ಓದಿ ಮಸೂದಾ. ಸಾರ್ಜೆಂಟ್ ಎದುರಿಗೇ ಓದಿ. ಒಡೆಯರು ಯಾರು ಅಂತ ತೀರ್ಮಾನ ಆಗಿಹೋಗಲಿ."

ಮೊಜೆಲ್ ಕಣ್ಣು ಮುಚ್ಚಿಕೊಂಡಳು.

ರಹ್ಮಾ. ತುಫಾಹಾ. ಸಬ್ಹಾ. ಖಾತೂನ್. ಐದನೆಯ ಸಾಲು ಸಾಯುವವಳ ಕೈಯದ್ದು. ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಆದರೂ ಸಂಶಯಕ್ಕೆ ಎಡೆಯಿರಲಿಲ್ಲ. ಎರಡು ಸಲ ಓದಿದೆ.

ಮೊಜೆಲ್. ನನ್ನ ಮಗಳು ಮೊಜೆಲ್‌ಗೆ.

ನಾನು ತಲೆ ಎತ್ತಲಿಲ್ಲ. ಎತ್ತಿದರೆ ಮುಖ ಹೇಳಿಬಿಡುತ್ತಿತ್ತು. ಹತ್ತೊಂಬತ್ತು ವರ್ಷ ಕಾಲು ಒತ್ತಿದವಳಿಗೆ ತಾಯಿ ಕೊಡಬೇಕಾದದ್ದನ್ನು ಕೊಟ್ಟೇ ಹೋಗಿದ್ದಳು. ಇದನ್ನು ಗಟ್ಟಿಯಾಗಿ ಓದಿದರೆ ಪುಸ್ತಕ ಮೊಜೆಲ್‌ಳದ್ದು. ಎಲ್ಲರೆದುರು ಈಗಷ್ಟೇ ಬೆತ್ತಲಾದ ಹೆಂಗಸು, ತಮ್ಮನೊಮ್ಮೆ ಕಣ್ಣು ಕೆಕ್ಕರಿಸಿದರೆ ತಲೆ ಬಗ್ಗಿಸುವವಳು. ಸೆಲ್ಮಾನ್ ಒಂದು ಮಾತು ಹೇಳುತ್ತಾನೆ, ಇವಳು ಕಳ್ಳತನ ಎನ್ನುತ್ತಾಳೆ, ಸಂಜೆಗೆ ಸಾಯಿ ಯಿಂಗ್ ಪುನ್ನಿನಲ್ಲಿ ಒಂದು ಮಂಚ ಬೀದಿಗೆ ಬರುತ್ತದೆ.

ಓದದಿದ್ದರೆ? ಮೊಜೆಲ್ ತಾನು ಬೇಡದ ಮಗಳು ಎಂದುಕೊಂಡೇ ಸಾಯುತ್ತಾಳೆ.

ಬೆಳಿಗ್ಗೆಯಿಂದ ಈ ಮನೆಯವರ ಸುಳ್ಳುಗಳನ್ನು ಮೂಗು ಮುರಿದು ಎಣಿಸುತ್ತಿದ್ದೆ. ಈಗ ನನ್ನ ಸರದಿ.

"ಐದನೇ ಹೆಸರು," ಎಂದೆ ಸಾರ್ಜೆಂಟನಿಗೆ, ಸ್ಪಷ್ಟವಾಗಿ, ಕೋರ್ಟಿನಲ್ಲಿ ಹೇಳುತ್ತಿದ್ದ ಧ್ವನಿಯಲ್ಲಿ. "ಯೂಕ್. ಪುಸ್ತಕ ಇವಳದ್ದು. ತನ್ನದನ್ನ ತಾನೇ ಕದಿಯೋಕಾಗಲ್ಲ."

ಮೊಜೆಲ್ ಕಣ್ಣು ತೆರೆಯಲಿಲ್ಲ. ಮೊದಲೇ ಗೊತ್ತಿದ್ದ ಪೆಟ್ಟನ್ನು ಇನ್ನೊಮ್ಮೆ ತಿಂದವಳ ಹಾಗೆ ತುಟಿ ಬಿಗಿದಳು. ಲಾವ್ ನೋಟ್‌ಬುಕ್ ತೆರೆದ. ಯೂಕ್ ಅಕ್ಕ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು, ಇನ್ನೊಮ್ಮೆ ಒರೆಸಿಕೊಂಡಳು.

"ಸುಳ್ಳು!"

ಸೆಲ್ಮಾನ್ ಮೇಜಿನ ಮೇಲೆ ಬಾಗಿದ್ದ. ಅವನ ತೋರುಬೆರಳು ಐದನೆಯ ಸಾಲಿನ ಮೇಲೆಯೇ, ಸರಿಯಾದ ಅಕ್ಷರದ ಕೆಳಗೇ ಇತ್ತು.

"ಹಸಿ ಸುಳ್ಳು ಹೇಳ್ತಿದ್ದೀರಿ! ಇಲ್ಲಿ ಎಲ್ಲಿದೆ ಅವಳ ಹೆಸರು? ಇಲ್ಲಿ ಬರೆದಿರೋದು..."

ನಿಂತ.

ಚಪ್ಪರದ ಮೇಲಿಂದ ಕಾಗೆಯೊಂದು ಹಾರಿಹೋಯಿತು. ಫ್ಲೋರಿ ಗಂಡನನ್ನು ಹೊಸ ಮನುಷ್ಯನನ್ನು ನೋಡುವ ಹಾಗೆ ನೋಡಿದಳು. ಅವನ ಬೆರಳು ನಿಧಾನವಾಗಿ ಪುಟದಿಂದ ಹಿಂದೆ ಸರಿಯಿತು, ಆದರೆ ತಡವಾಗಿತ್ತು. ಆ ಮೋಡಿ ಅವನಿಗೂ ಓದಲು ಬರುತ್ತಿತ್ತು; ಪುಸ್ತಕವನ್ನು ಮಂಚದ ಕೆಳಗೆ ತಲುಪಿಸಿದ್ದು ಯಾರೆಂದೂ ಇನ್ನು ಕೇಳಬೇಕಿರಲಿಲ್ಲ.

ಮೊಜೆಲ್ ಸ್ಟೂಲಿನಿಂದ ಎದ್ದು ಬಂದು ತಮ್ಮನ ಎದುರು ನಿಂತಳು. ಅವನಿಗಿಂತ ಒಂದು ಗೇಣು ಗಿಡ್ಡ. ಇಷ್ಟು ವರ್ಷದಲ್ಲಿ ಅವಳು ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದನ್ನು ನಾನು ಕಂಡಿರಲಿಲ್ಲ.

"ನನಗೆ ಒಂದು ಹೆಸರು ಓದಿ ಹೇಳಿದೆಯಲ್ಲ ನೀನು," ಎಂದಳು. "ಇಲ್ಲಿ ಏನು ಬರೆದಿದೆ ಸೆಲ್ಮಾನ್?"

ಸಾರ್ಜೆಂಟ್ ಲಾವ್ ಪೆನ್ಸಿಲ್ ಹಿಡಿದು ಕಾಯುತ್ತಿದ್ದ. ಯೂಕ್ ಅಕ್ಕ ನನ್ನನ್ನೇ ನೋಡುತ್ತಿದ್ದಳು.